ಕಾಣದ ಪ್ರಾಣಿಯ ಲೆಕ್ಕ: ಹೆಬ್ಬಾಳದ ಚಿರತೆಯಿಂದ ನಾಗರಹೊಳೆಯ ಹುಲಿಯವರೆಗೆ

ಒಂದು ಕಾಡಿನಲ್ಲಿ ಎಷ್ಟು ಹುಲಿಗಳಿವೆ, ಒಂದು ಊರಿನ ಸುತ್ತ ಎಷ್ಟು ಚಿರತೆಗಳಿವೆ ಎಂಬ ಪ್ರಶ್ನೆ ಕೇಳುವುದಕ್ಕೆ ಸರಳವಾಗಿದ್ದರೂ ವನ್ಯಜೀವಿ ವಿಜ್ಞಾನದ ಅತಿ ಕಠಿಣ ಪ್ರಶ್ನೆಗಳಲ್ಲಿ ಅದೂ ಒಂದು. ಜನಗಣತಿಯಲ್ಲಿ ಗಣತಿದಾರರು ಮನೆಮನೆಗೆ ಹೋಗಿ ಹೆಸರು ಬರೆದುಕೊಳ್ಳುತ್ತಾರೆ. ಕಾಡುಪ್ರಾಣಿಗೆ ಮನೆಯೂ ಇಲ್ಲ, ಹೆಸರೂ ಇಲ್ಲ, ಮನುಷ್ಯನ ಸುಳಿವು ಸಿಕ್ಕೊಡನೆ ಮರೆಯಾಗುವುದೇ ಅದರ ಸ್ವಭಾವ. ಆದಕಾರಣ ಕಂಡ ಪ್ರಾಣಿಗಳನ್ನು ಎಣಿಸಿದರೆ ಕೆಲಸ ಅರ್ಧವಷ್ಟೇ ಮುಗಿಯುತ್ತದೆ. ಕಣ್ಣಿಗೆ ಬೀಳದೆ ಉಳಿದವು ಎಷ್ಟು ಎಂಬುದನ್ನು ಆಧಾರಸಹಿತವಾಗಿ ಅಂದಾಜು ಮಾಡಿದಾಗಲೇ ಅದು ಪೂರ್ಣವಾಗುತ್ತದೆ.

ಮೈಸೂರಿನ ಹೆಬ್ಬಾಳ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಬಡಾವಣೆ. 2024ರ ಡಿಸೆಂಬರ್ 31ರ ನಸುಕಿನಲ್ಲಿ ಇಲ್ಲಿನ ಕೈಗಾರಿಕಾ ಪ್ರದೇಶದ ಇನ್ಫೋಸಿಸ್ ಆವರಣದಲ್ಲಿ ಚಿರತೆಯೊಂದು ಕಾಣಿಸಿಕೊಂಡಿತು. ನೌಕರರಿಗೆ ಮನೆಯಿಂದಲೇ ಕೆಲಸ ಮಾಡುವಂತೆ ಸೂಚನೆ ಹೋಯಿತು. ಅರಣ್ಯ ಇಲಾಖೆಯ ಸಿಬ್ಬಂದಿ ಬೋನು, ಕ್ಯಾಮೆರಾ, ಡ್ರೋನ್‌ಗಳೊಂದಿಗೆ ಹಲವು ದಿನ ಹುಡುಕಿದರೂ ಅದು ಸಿಗಲಿಲ್ಲ. ಇಂಥ ಪ್ರತಿ ಘಟನೆಯ ಬೆನ್ನಿಗೇ ‘ಚಿರತೆಗಳು ವಿಪರೀತ ಹೆಚ್ಚಾಗಿವೆ’ ಎಂಬ ಮಾತು ಹುಟ್ಟಿಕೊಳ್ಳುತ್ತದೆ. ಆ ಮಾತು ನಿಜವೋ ಅಲ್ಲವೋ ಎಂದು ಹೇಳಬೇಕಾದರೆ ‘ಸಾಂದ್ರತೆ’ ಎಂಬ ಪರಿಕಲ್ಪನೆಯನ್ನು ಮೊದಲು ತಿಳಿದುಕೊಳ್ಳಬೇಕು.

ಸಾಂದ್ರತೆ ಎಂದರೇನು?

ನಿರ್ದಿಷ್ಟ ವಿಸ್ತೀರ್ಣದಲ್ಲಿ ಒಂದು ಪ್ರಭೇದದ ಎಷ್ಟು ಪ್ರಾಣಿಗಳಿವೆ ಎಂಬುದೇ ಅದರ ಸಾಂದ್ರತೆ. ಹುಲಿ, ಚಿರತೆಗಳಿಗೆ ಅದನ್ನು ಸಾಮಾನ್ಯವಾಗಿ 100 ಚದರ ಕಿಲೋಮೀಟರಿಗೆ ಇಷ್ಟು ಎಂದು ಹೇಳುತ್ತಾರೆ. ಎರಡು ಕಾಡುಗಳನ್ನು ಹೋಲಿಸುವುದಕ್ಕೆ, ಒಂದೇ ಕಾಡಿನ ಏರಿಳಿತವನ್ನು ವರ್ಷದಿಂದ ವರ್ಷಕ್ಕೆ ಗಮನಿಸುವುದಕ್ಕೆ ಒಟ್ಟು ಸಂಖ್ಯೆಗಿಂತ ಇದೇ ಹೆಚ್ಚು ಉಪಯುಕ್ತ. ಆದರೆ ಕಂಡ ಪ್ರಾಣಿಗಳನ್ನು ಕಂಡ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಸಾಂದ್ರತೆ ಸಿಗುವುದಿಲ್ಲ. ಸುಮಾರು ಒಂದೂವರೆ ಚದರ ಕಿಲೋಮೀಟರಿನ ಆವರಣದಲ್ಲಿ ಒಂದು ಚಿರತೆ ಕಂಡಿತೆಂದು ಹಾಗೆ ಭಾಗಿಸಿದರೆ, 100 ಚದರ ಕಿಲೋಮೀಟರಿಗೆ 66ಕ್ಕೂ ಹೆಚ್ಚು ಚಿರತೆಗಳೆಂಬ ಅಸಂಬದ್ಧ ಉತ್ತರ ಬರುತ್ತದೆ. ಚಿರತೆಯ ಓಡಾಟ ಕಾಂಪೌಂಡಿಗೆ ಸೀಮಿತವಲ್ಲ, ಅದರ ಸಂಚಾರ ವಲಯ ಹತ್ತಾರು ಚದರ ಕಿಲೋಮೀಟರುಗಳಷ್ಟು ಹರಡಿರಬಹುದು ಎಂಬ ಸಂಗತಿ ಆ ಲೆಕ್ಕದಲ್ಲಿ ಸೇರಿಯೇ ಇಲ್ಲ.

ಹೆಜ್ಜೆಗುರುತಿನಿಂದ ಪಟ್ಟೆಗಳ ಗುರುತಿಗೆ

ಭಾರತದಲ್ಲಿ ದಶಕಗಳ ಕಾಲ ಹುಲಿ ಗಣತಿ ನಡೆದದ್ದು ಹೆಜ್ಜೆಗುರುತಿನ ಆಧಾರದ ಮೇಲೆ. ಅರಣ್ಯ ಸಿಬ್ಬಂದಿ ದಾರಿಯ ಧೂಳಿನಲ್ಲಿ, ಹಳ್ಳದ ಮರಳಿನಲ್ಲಿ ಮೂಡಿದ ಹೆಜ್ಜೆಗಳ ಅಚ್ಚು ತೆಗೆದು, ಆಕಾರವನ್ನು ನೋಡಿ ಇದು ಇಂಥದೇ ಹುಲಿ ಎಂದು ನಿರ್ಧರಿಸುತ್ತಿದ್ದರು. 1972ರ ಗಣತಿ ದೇಶದಲ್ಲಿ 1,827 ಹುಲಿಗಳಿವೆ ಎಂದದ್ದು ಇದೇ ಕ್ರಮದಿಂದ. ಒಂದೇ ಹುಲಿಯ ಹೆಜ್ಜೆ ಕೆಸರಿನಲ್ಲಿ ಒಂದು ಬಗೆಯಾಗಿ, ಒಣಮಣ್ಣಿನಲ್ಲಿ ಇನ್ನೊಂದು ಬಗೆಯಾಗಿ ಮೂಡುತ್ತದೆ ಎಂಬುದು ಈ ಕ್ರಮದ ಒಂದು ದೋಷ. ಹೆಜ್ಜೆ ಸಿಗದ ಹುಲಿಗಳೆಷ್ಟು ಎಂದು ತಿಳಿಯುವ ದಾರಿಯೇ ಇಲ್ಲದಿದ್ದುದು ಅದಕ್ಕಿಂತ ದೊಡ್ಡ ದೋಷ. ಕಾಗದದ ಮೇಲೆ ಹುಲಿಗಳಿದ್ದ ರಾಜಸ್ಥಾನದ ಸರಿಸ್ಕಾದಲ್ಲಿ ಒಂದೂ ಉಳಿದಿಲ್ಲವೆಂಬುದು 2005ರ ಹೊತ್ತಿಗೆ ಬಯಲಾದಾಗ, ತಪ್ಪು ಲೆಕ್ಕಕ್ಕೆ ತೆರಬೇಕಾದ ಬೆಲೆ ಏನೆಂಬುದು ಇಡೀ ದೇಶಕ್ಕೆ ಅರಿವಾಯಿತು.

ಬೇರೊಂದು ದಾರಿ ಅದಕ್ಕೂ ಮೊದಲೇ ಮೈಸೂರಿನ ಪಕ್ಕದ ನಾಗರಹೊಳೆಯಲ್ಲಿ ಸಿದ್ಧವಾಗಿತ್ತು. 1990ರ ದಶಕದ ಆರಂಭದಲ್ಲಿ ಕನ್ನಡಿಗ ವಿಜ್ಞಾನಿ ಕೆ. ಉಲ್ಲಾಸ ಕಾರಂತರು ಇಲ್ಲಿ ಕ್ಯಾಮೆರಾ ಟ್ರ್ಯಾಪ್‌ಗಳನ್ನು, ಅಂದರೆ ಪ್ರಾಣಿ ಹಾದುಹೋದಾಗ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು, ಹುಲಿಗಳ ಅಂದಾಜಿಗೆ ಬಳಸತೊಡಗಿದರು. ಹುಲಿ ನಡೆಯುವ ಕಾಡುದಾರಿಯ ಎರಡೂ ಬದಿಗೆ, ಹೆಚ್ಚುಕಡಿಮೆ ಮೊಣಕಾಲೆತ್ತರದಲ್ಲಿ, ಒಂದೊಂದು ಕ್ಯಾಮೆರಾವನ್ನು ಮರಕ್ಕೋ ಗೂಟಕ್ಕೋ ಬಿಗಿಯುತ್ತಾರೆ. ಒಂದು ಹುಲಿಯ ಪಟ್ಟೆಗಳು ಇನ್ನೊಂದರಂತಿರುವುದಿಲ್ಲ. ಅದೇ ಹುಲಿಯ ಎಡಮಗ್ಗುಲಿನ ಪಟ್ಟೆಗಳೂ ಬಲಮಗ್ಗುಲಿನಂತಿರುವುದಿಲ್ಲ. ಎರಡು ಕ್ಯಾಮೆರಾ ಬೇಕಾಗುವುದು ಇದೇ ಕಾರಣಕ್ಕೆ. ಚಿರತೆಯನ್ನು ಅದರ ಮೈಮೇಲಿನ ಚುಕ್ಕೆಗಳ ಜೋಡಣೆಯಿಂದ ಗುರುತಿಸಬಹುದು.

ಮುಂದಿನದು ಗಣಿತ. ಮೊದಲ ಸುತ್ತಿನಲ್ಲಿ 20 ಹುಲಿಗಳ ಚಿತ್ರ ಸಿಕ್ಕಿತೆಂದೂ, ಎರಡನೆಯ ಸುತ್ತಿನಲ್ಲಿ ಸಿಕ್ಕ 24 ಹುಲಿಗಳಲ್ಲಿ 16 ಹಿಂದೆಯೂ ಸಿಕ್ಕಿದ್ದವೆಂದೂ ಇಟ್ಟುಕೊಳ್ಳೋಣ. ಎರಡನೆಯ ಸುತ್ತಿನ ಹುಲಿಗಳಲ್ಲಿ ಮೂರರಲ್ಲಿ ಎರಡು ಪಾಲು ಈಗಾಗಲೇ ಪರಿಚಿತವಾಗಿದ್ದರೆ, ಮೊದಲ ಸುತ್ತಿನ 20 ಹುಲಿಗಳೂ ಒಟ್ಟು ಹುಲಿಗಳ ಮೂರರಲ್ಲಿ ಎರಡು ಪಾಲಾಗಿರಬೇಕು; ಅಂದರೆ ಒಟ್ಟು ಸುಮಾರು 30. ಕ್ಯಾಮೆರಾಗೆ ಸಿಕ್ಕ ಬೇರೆ ಬೇರೆ ಹುಲಿಗಳು 28, ಸಿಗದೆ ಉಳಿದವು ಎರಡು. ಪುನಃ ಪುನಃ ಸಿಕ್ಕವುಗಳ ಪ್ರಮಾಣದಿಂದ ಒಮ್ಮೆಯೂ ಸಿಗದವುಗಳನ್ನು ಅಳೆಯುವ ಈ ತರ್ಕವನ್ನು ಡೆನ್ಮಾರ್ಕಿನ ಪೀಟರ್ಸನ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೀನುಗಳಿಗೆ, ಅಮೆರಿಕದ ಲಿಂಕನ್ 1930ರಲ್ಲಿ ಬಾತುಗಳಿಗೆ ಅನ್ವಯಿಸಿದ್ದರು. ಅದೇ ತರ್ಕದ ಬೆಳೆದ ರೂಪವನ್ನು ಕಾರಂತರು ಹುಲಿಗೆ ಅಳವಡಿಸಿದ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಮೂರು ವರ್ಷಗಳ ಬಳಿಕ ಸಂಖ್ಯಾಶಾಸ್ತ್ರಜ್ಞ ಜೇಮ್ಸ್ ನಿಕೋಲ್ಸ್ ಅವರೊಂದಿಗೆ ಬರೆದ ಪ್ರಬಂಧದಲ್ಲಿ 100 ಚದರ ಕಿಲೋಮೀಟರಿಗೆ ನಾಗರಹೊಳೆಯಲ್ಲಿ 11.5, ಕಾಜಿರಂಗದಲ್ಲಿ 16.8, ಪೆಂಚ್‌ನಲ್ಲಿ 4.1 ಹುಲಿಗಳೆಂಬ ಅಂದಾಜು ಹೊರಬಂದಿತು. ಅಂಚಿನಲ್ಲಿರುವ ಹುಲಿ ಕ್ಯಾಮೆರಾ ಇಟ್ಟ ಪ್ರದೇಶದ ಹೊರಗೂ ಓಡಾಡುತ್ತದೆಯಲ್ಲ ಎಂಬ ತೊಡಕಿಗೆ ಮುಂದೆ ಬಂದ ವಿಧಾನಗಳು ಪರಿಹಾರ ಒದಗಿಸಿದವು. ಯಾವ ಪ್ರಾಣಿ ಯಾವ ಯಾವ ಕ್ಯಾಮೆರಾಗೆ ಸಿಕ್ಕಿತು ಎಂಬುದರಿಂದ ಅದರ ಓಡಾಟದ ಕೇಂದ್ರವನ್ನೇ ಅವು ಅಂದಾಜಿಸುತ್ತವೆ.

ಜಿಂಕೆಗೆ ದೂರ, ಆನೆಗೆ ಲದ್ದಿ

ಎಲ್ಲ ಪ್ರಾಣಿಗಳಿಗೂ ಪಟ್ಟೆಯಿಲ್ಲ. ಜಿಂಕೆ, ಕಡವೆ, ಕಾಟಿ, ಕಾಡುಹಂದಿಗಳನ್ನು ಅಂದಾಜಿಸಲು ಕಾಡಿನಲ್ಲಿ ನೇರವಾದ ಗೆರೆಯೊಂದನ್ನು ಹಾಕಿಕೊಂಡು, ಮುಂಜಾನೆ ಸದ್ದಿಲ್ಲದೆ ಅದರುದ್ದಕ್ಕೂ ನಡೆಯುತ್ತಾ, ಕಂಡ ಪ್ರತಿ ಹಿಂಡು ಗೆರೆಯಿಂದ ಎಷ್ಟು ದೂರದಲ್ಲಿತ್ತೆಂದು ದಾಖಲಿಸುತ್ತಾರೆ. ಗೆರೆಗೆ ತಾಗಿದ ಹತ್ತು ಮೀಟರಿನೊಳಗೆ 40 ಹಿಂಡುಗಳು ಕಂಡು, ನಲವತ್ತರಿಂದ ಐವತ್ತು ಮೀಟರಿನ ನಡುವೆ 10 ಮಾತ್ರ ಕಂಡರೆ, ಅಲ್ಲಿ ಜಿಂಕೆ ಕಡಿಮೆಯೆಂದು ಅರ್ಥವಲ್ಲ. ಲಂಟಾನದ ಪೊದೆಗಳ ಹಿಂದೆ ಮೂವತ್ತರಷ್ಟು ಹಿಂಡುಗಳು ಕಣ್ಣಿಗೆ ಬೀಳದೆ ಉಳಿದಿವೆ ಎಂದರ್ಥ. ಆನೆಗಳ ವಿಷಯದಲ್ಲಿ ನೇರ ಎಣಿಕೆಯ ಜೊತೆಗೆ ಲದ್ದಿಯನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆನೆ ದಿನಕ್ಕೆಷ್ಟು ಬಾರಿ ಲದ್ದಿ ಹಾಕುತ್ತದೆ, ಅದು ಎಷ್ಟು ದಿನಗಳಲ್ಲಿ ಕರಗಿಹೋಗುತ್ತದೆ ಎಂಬುದು ಗೊತ್ತಿದ್ದರೆ, ನೆಲದ ಮೇಲಿನ ಲದ್ದಿಯಿಂದ ಆನೆಗಳ ಸಾಂದ್ರತೆಯನ್ನು ಕಂಡುಕೊಳ್ಳಬಹುದು. 2023ರ ಗಣತಿ ಕರ್ನಾಟಕದಲ್ಲಿ 6,395 ಆನೆಗಳಿವೆಯೆಂದು ಅಂದಾಜಿಸಿತು.

ಈ ಸಂಖ್ಯೆಗಳು ಪರಸ್ಪರ ಬೆಸೆದುಕೊಂಡಿವೆ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿಗಳು ಬೇಕು. ಬಲಿಪ್ರಾಣಿಗಳಲ್ಲಿ ಹುಲಿಗಳ ಪಾಲಿಗೆ ಸಲ್ಲುವುದು ಹತ್ತನೆಯ ಒಂದು ಭಾಗದಷ್ಟು. ಹಾಗಾಗಿ ಒಂದು ಹುಲಿ ಬದುಕಬೇಕಾದರೆ ಸುಮಾರು 500 ಬಲಿಪ್ರಾಣಿಗಳ ಆಸರೆ ಇರಬೇಕು. ಜಿಂಕೆಗಳ ಸಾಂದ್ರತೆ ಕುಸಿಯುತ್ತಿರುವುದು ಮೊದಲೇ ತಿಳಿದರೆ ಕಳ್ಳಬೇಟೆಯ ವಿರುದ್ಧ ಗಸ್ತು ಬಿಗಿಮಾಡಿ ಹುಲಿಯನ್ನು ಉಳಿಸಿಕೊಳ್ಳಬಹುದು. ಹುಲಿಯೇ ಕಾಣೆಯಾದ ಮೇಲೆ ತಿಳಿದರೆ ಉಳಿಯುವುದು ಪಶ್ಚಾತ್ತಾಪವೊಂದೇ.

ಕಂಡದ್ದು ಹೆಚ್ಚಾದರೆ ಇರುವುದೂ ಹೆಚ್ಚೇ?

2022ರ ರಾಷ್ಟ್ರೀಯ ಅಂದಾಜಿನ ಪ್ರಕಾರ ಭಾರತದಲ್ಲಿ 13,874 ಚಿರತೆಗಳಿವೆ. ನಿಜಸಂಖ್ಯೆ 12,616ರಿಂದ 15,132ರ ನಡುವೆ ಇರಬಹುದೆಂದು ವರದಿಯೇ ಹೇಳುತ್ತದೆ. ಈ ಅಂತರವನ್ನು ದೌರ್ಬಲ್ಯವೆಂದು ಭಾವಿಸಬಾರದು. ತನಗೆ ತಿಳಿದಿರುವುದರ ಮಿತಿಯನ್ನು ತಾನೇ ಹೇಳಿಕೊಳ್ಳುವ ಲೆಕ್ಕವನ್ನೇ ನಂಬಬಹುದು. ಕರ್ನಾಟಕದ ಪಾಲು 1,879. ಆದರೆ ಆ ಅಧ್ಯಯನ ಮುಖ್ಯವಾಗಿ ಕಾಡುಗಳಲ್ಲಿ ನಡೆದದ್ದು. ಮೈಸೂರು ಸೀಮೆಯ ಕಬ್ಬಿನ ಗದ್ದೆ, ಕುರುಚಲು ಗುಡ್ಡ, ಊರಂಚಿನ ತೋಪುಗಳಲ್ಲಿ ಬಾಳುವ ಚಿರತೆಗಳಿಗೆ ಅಂಥ ಲೆಕ್ಕದಲ್ಲಿ ಸರಿಯಾದ ಸ್ಥಾನ ಸಿಗುವುದಿಲ್ಲ.

ಹೆಬ್ಬಾಳದಂಥ ಬಡಾವಣೆಗಳಲ್ಲಿ ಇಂದು ಗೋಡೆಗೊಂದು ಸಿಸಿಟಿವಿ, ಕೈಗೊಂದು ಮೊಬೈಲ್ ಇದೆ. ಹಿಂದೆ ಯಾರಿಗೂ ತಿಳಿಯದಂತೆ ಇರುಳಿನಲ್ಲಿ ಹಾದುಹೋಗುತ್ತಿದ್ದ ಚಿರತೆ ಈಗ ಬೆಳಗಾಗುವುದರೊಳಗೆ ಊರಿನ ಸುದ್ದಿಯಾಗುತ್ತದೆ. ಚಿರತೆಗಳ ಸಂಖ್ಯೆ ಇದ್ದಷ್ಟೇ ಇದ್ದರೂ ಕಾಣಿಸಿಕೊಳ್ಳುವ ಸಾಧ್ಯತೆ ಹೆಚ್ಚಿದರೆ ದೂರುಗಳು ಹೆಚ್ಚುತ್ತವೆ. ನಿಜವಾಗಿಯೂ ಸಂಖ್ಯೆ ಹೆಚ್ಚಿದ್ದರೂ ದೂರುಗಳ ಎಣಿಕೆಯಿಂದ ಅದು ಸಿದ್ಧವಾಗುವುದಿಲ್ಲ. ಎಷ್ಟು ಬೋನು ಇಡಬೇಕು, ಹಿಡಿದದ್ದನ್ನು ಎಲ್ಲಿ ಬಿಡಬೇಕು, ಯಾವ ಗುಡ್ಡವನ್ನು ಉಳಿಸಬೇಕು, ಯಾವ ಹಳ್ಳಿಯ ಕೊಟ್ಟಿಗೆಗೆ ಭದ್ರ ಬಾಗಿಲು ಬೇಕು ಎಂಬ ತೀರ್ಮಾನಗಳು ಜನರ ಜೀವಕ್ಕೂ ಪ್ರಾಣಿಗಳ ಜೀವಕ್ಕೂ ಸಂಬಂಧಿಸಿದವು. ಆದುದರಿಂದ ನಾಗರಹೊಳೆಯ ಕಾಡುದಾರಿಯಲ್ಲಿ ಬಿಗಿದ ಜೋಡಿ ಕ್ಯಾಮೆರಾಗಳು ಮೈಸೂರಿನ ಹೊರವಲಯದ ಗುಡ್ಡಗಳಿಗೂ ಬರಬೇಕು, ಒಮ್ಮೆ ಬಂದು ಹೋಗದೆ ವರ್ಷ ವರ್ಷವೂ ಬರಬೇಕು. ಹಾಗೆ ಸಿಕ್ಕ ಚಿತ್ರಗಳಲ್ಲಿ ಒಂದೊಂದು ಚಿರತೆಯ ಚುಕ್ಕೆಯನ್ನೂ ತಾಳೆನೋಡಿ ಪಡೆದ ಅಂದಾಜಿನ ಮೇಲೆಯೇ ಆ ತೀರ್ಮಾನಗಳು ನಿಲ್ಲಬೇಕು.