ಓಟಕ್ಕೆ ತಕ್ಕ ಪಾದರಕ್ಷೆ

ಓಡುವಾಗ ಪ್ರತಿಯೊಂದು ಹೆಜ್ಜೆಯಲ್ಲಿಯೂ ನೆಲವು ನಮ್ಮ ಪಾದವನ್ನು ದೇಹದ ತೂಕದ ಸುಮಾರು 2ರಿಂದ 3 ಪಟ್ಟು ಬಲದಿಂದ ಮೇಲಕ್ಕೊತ್ತುತ್ತದೆ. 50 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯ ಒಂದೇ ಕಾಲಿನ ಮೇಲೆ 100ರಿಂದ 150 ಕಿಲೋಗ್ರಾಂ ಭಾರವನ್ನು ಕ್ಷಣಕಾಲ ಹೇರಿದಂತೆ!

ಕ್ರಿಕೆಟ್ ಚೆಂಡನ್ನು ಹಿಡಿಯುವವನು ಕೈಗಳನ್ನು ಹಿಂದಕ್ಕೆಳೆದುಕೊಳ್ಳುವುದನ್ನು ನೀವು ನೋಡಿರಬಹುದು. ಚೆಂಡಿನ ಸಂವೇಗವು ಇಳಿಯಲು ಹೆಚ್ಚು ಕಾಲ ದೊರೆತಷ್ಟೂ ಪೆಟ್ಟಿನ ಬಲವು ತಗ್ಗುವುದು. ಪಾದರಕ್ಷೆಯ ಮೆತ್ತನೆಯ ಅಟ್ಟೆಯ ತತ್ತ್ವವೂ ಇದೇ. ಹಾಗಾದರೆ ಅತ್ಯಂತ ಮೆತ್ತನೆಯದೇ ಅತ್ಯುತ್ತಮವೆ? ಅಲ್ಲ. ಅಟ್ಟೆಯು ಮೆತ್ತಗಾದಂತೆ ಓಟಗಾರನು ತನಗರಿವಿಲ್ಲದೆಯೇ ಕಾಲನ್ನು ಬಿಗಿಮಾಡಿಕೊಳ್ಳುತ್ತಾನೆ. ಮೆತ್ತನೆಯಿಂದ ದೊರೆತ ಲಾಭವು ಅಷ್ಟುಮಟ್ಟಿಗೆ ಕರಗುತ್ತದೆ.

ಆದುದರಿಂದ ಕೊಳ್ಳುವಾಗ ಬೆಲೆಗಿಂತ ಅಳತೆಯನ್ನು ಗಮನಿಸಿರಿ. ದಿನವಿಡೀ ನಡೆದ ಪಾದವು ತುಸು ಊದಿರುತ್ತದೆ. ಸಂಜೆಯಲ್ಲಿ ಕೊಳ್ಳುವುದು ಲೇಸು. ಎರಡು ಪಾದಗಳೂ ಸಮವಾಗಿರಬೇಕೆಂದಿಲ್ಲ. ದೊಡ್ಡದಕ್ಕೆ ಹೊಂದುವುದನ್ನೇ ಆರಿಸಿರಿ. ಎದ್ದು ನಿಂತಾಗ ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನಗಲದಷ್ಟು ಸ್ಥಳವಿರಲಿ, ಹಿಮ್ಮಡಿಯು ಜಾರದಿರಲಿ. ಅಂಗಡಿಯಲ್ಲಿಯೇ ನಾಲ್ಕು ಹೆಜ್ಜೆ ಓಡಿನೋಡಿರಿ. ಅಲ್ಲಿ ಒತ್ತುವ ಪಾದರಕ್ಷೆಯು ಮೈದಾನದಲ್ಲಿ ಹಿತವಾದೀತೆಂದು ನಂಬಬೇಡಿರಿ.

ಇಥಿಯೋಪಿಯದ ಅಬೆಬೆ ಬಿಕಿಲ 1960ರಲ್ಲಿ ರೋಮಿನ ಒಲಿಂಪಿಕ್ ಮ್ಯಾರಥಾನನ್ನು ಬರಿಗಾಲಿನಲ್ಲಿ ಗೆದ್ದನು. 1964ರಲ್ಲಿ ಟೋಕಿಯೋದಲ್ಲಿ ಪಾದರಕ್ಷೆ ತೊಟ್ಟು ಗೆದ್ದನು. ಓಡುವುದು ಕಾಲು, ಅದಕ್ಕೆ ಅಡ್ಡಿಯಾಗದಿರುವುದೇ ಪಾದರಕ್ಷೆಯ ಮೊದಲ ಗುಣ.