ನಷ್ಟದ ನಡೆಗೂ ಜಾಗವಿಟ್ಟ ಲೆಕ್ಕ: ಚಿಪ್ಪನ್ನು ಪಾಲು ಮಾಡುವ ಬಗೆ

ದೊಡ್ಡ ಸರ್ಕ್ಯೂಟನ್ನು ಎರಡು ಪಾಲು ಮಾಡಬೇಕು. ಪಾಲುಗಳು ಹೆಚ್ಚುಕಡಿಮೆ ಸಮನಾಗಿರಬೇಕು, ನಡುವಿನ ಗಡಿ ದಾಟುವ ತಂತಿಗಳು ಆದಷ್ಟು ಕಡಿಮೆ ಇರಬೇಕು. ಗಡಿ ದಾಟಿದ ತಂತಿ ಸಾಮಾನ್ಯವಾಗಿ ಉದ್ದವಾಗುತ್ತದೆ, ಸಂಕೇತ ತಡವಾಗುತ್ತದೆ. ಪಾಲುಗಳು ಬೇರೆ ಬೇರೆ ಚಿಪ್‌ಗಳಿಗೆ ಹೋಗುವುದಾದರೆ ಪಿನ್‌ಗಳಿಗೂ ಬರ.

ಎಲ್ಲ ಸಾಧ್ಯತೆಗಳನ್ನೂ ಪರೀಕ್ಷಿಸಬಾರದೇಕೆ? ಸರ್ಕ್ಯೂಟಿನ ಬಿಡಿ ಘಟಕಗಳಾದ ಗೇಟುಗಳು 20 ಇದ್ದರೆ, ಅವನ್ನು ಸಮಪಾಲು ಮಾಡಲು 92,378 ದಾರಿಗಳಿವೆ. ಕಂಪ್ಯೂಟರಿಗೆ ಅದೇನೂ ಭಾರವಲ್ಲ. 100 ಗೇಟುಗಳಾದರೆ ಆ ಸಂಖ್ಯೆಗೆ 29 ಅಂಕಿ! ಇಂದಿನ ಚಿಪ್‌ಗಳಲ್ಲಿ ಗೇಟುಗಳು ಕೋಟಿಗಟ್ಟಲೆ. ಆದ್ದರಿಂದ ಅತ್ಯುತ್ತಮದ ಹಟ ಬಿಟ್ಟು, ಬೇಗ ಸಿಗುವ ಒಳ್ಳೆಯ ಉತ್ತರಕ್ಕೆ ಒಪ್ಪುವುದೇ ಹ್ಯೂರಿಸ್ಟಿಕ್.

1970ರಲ್ಲಿ ಬೆಲ್ ಲ್ಯಾಬ್ಸ್‌ನ ಬ್ರಯಾನ್ ಕರ್ನಿಗನ್ (ಸಿ ಭಾಷೆಯ ಪುಸ್ತಕದ ಕರ್ನಿಗನ್ನೇ) ಮತ್ತು ಶೆನ್ ಲಿನ್ ಆ ಕಡೆಯದೊಂದು, ಈ ಕಡೆಯದೊಂದು ಗೇಟನ್ನು ಅದಲುಬದಲು ಮಾಡುವ ವಿಧಾನ ಪ್ರಕಟಿಸಿದರು. 1982ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಫಿಡೂಚಿಯಾ ಮತ್ತು ಮ್ಯಾಥೈಸಸ್ ಜೋಡಿಯ ಗೊಡವೆ ಬಿಟ್ಟು ಒಂದೊಂದೇ ಗೇಟನ್ನು ಸರಿಸಿದರು.

ಒಂದು ಗೇಟು ಆಚೆ ಹೋದರೆ ಗಡಿಯ ತಂತಿಗಳು ಎಷ್ಟು ಇಳಿಯುತ್ತವೋ ಅದು ಅದರ ಲಾಭ, ಏರಿದರೆ ನಷ್ಟ. ಹೆಚ್ಚು ಲಾಭದ್ದನ್ನು ಸರಿಸಿ, ಸುತ್ತು ಮುಗಿಯುವತನಕ, ಅಂದರೆ ಎಲ್ಲ ಗೇಟುಗಳ ಸರದಿಯೂ ಮುಗಿಯುವತನಕ, ಅದಕ್ಕೆ ಬೀಗ ಹಾಕಬೇಕು. ಸ್ವಾರಸ್ಯವಿರುವುದು ಮುಂದೆ: ಲಾಭದ ನಡೆ ಮುಗಿದರೂ ನಿಲ್ಲುವಂತಿಲ್ಲ, ಇದ್ದುದರಲ್ಲಿ ಕಡಿಮೆ ನಷ್ಟದ್ದನ್ನೇ ಸರಿಸುತ್ತ ಹೋಗಬೇಕು. ನಡೆಗಳ ಫಲ +3, +1, −2, −1, +4, −3 ಎಂದಿಟ್ಟುಕೊಳ್ಳಿ. ಒಟ್ಟು ಲಾಭ 3, 4, 2, 1, 5, 2. ಆಸೆಬುರುಕ ವಿಧಾನವಾದರೆ 4ಕ್ಕೇ ನಿಲ್ಲುತ್ತಿತ್ತು. ಇಲ್ಲಿ ಸುತ್ತು ಮುಗಿಸಿ, ಐದನೆಯ ನಡೆಯ ನಂತರದ್ದನ್ನೆಲ್ಲ ರದ್ದು ಮಾಡಿ, 5ನ್ನು ಉಳಿಸಿಕೊಳ್ಳುತ್ತೇವೆ. ಬೀಗ ತೆಗೆದು ಮತ್ತೆ ಸುತ್ತು. ಲಾಭ ಸೊನ್ನೆಯಾದಾಗ ಕೆಲಸ ಮುಗಿಯಿತು.

ವೇಗದ ಗುಟ್ಟು ಬಕೆಟ್‌ಗಳಲ್ಲಿದೆ. ಗೇಟಿನ ಲಾಭ ಅದರ ಪಿನ್‌ಗಳ (ತಂತಿ ಸೇರುವ ತುದಿಗಳ) ಸಂಖ್ಯೆಯನ್ನು ಮೀರುವುದಿಲ್ಲ. ಹಾಗಾಗಿ ಲಾಭಕ್ಕೊಂದು ಬಕೆಟ್ ಮಾಡಿ ಗೇಟುಗಳನ್ನು ತುಂಬಿಟ್ಟರೆ ಹುಡುಕಾಟವೇ ಬೇಡ. ಒಂದು ಸುತ್ತಿನ ಸಮಯ ಒಟ್ಟು ಪಿನ್‌ಗಳ ಅನುಪಾತದಲ್ಲಷ್ಟೇ ಬೆಳೆಯುತ್ತದೆ. ಒಂದು ಷರತ್ತು: ಪಾಲುಗಳು ಕರಾರುವಾಕ್ಕಾಗಿ ಸಮ ಇರಲೇಬೇಕೆಂದರೆ ಮೊದಲ ಗೇಟೇ ಕದಲಲಾರದು, ಸ್ವಲ್ಪ ಸಡಿಲ ಬಿಡಬೇಕು.

ಗೇಟುಗಳು ಲಕ್ಷ ದಾಟಿದಾಗ ಇದೊಂದೇ ಸಾಲದು. 1990ರ ದಶಕದಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಎಚ್‌ಮೆಟಿಸ್ ಎಂಬ ತಂತ್ರಾಂಶ, ಹತ್ತಿರದ ಗೇಟುಗಳನ್ನು ಗಂಟುಕಟ್ಟಿ, ಗಂಟುಗಳನ್ನು ಮತ್ತೆ ಗಂಟುಕಟ್ಟಿ ಸರ್ಕ್ಯೂಟನ್ನು ಕಿರಿದು ಮಾಡುತ್ತದೆ. ಆ ಪುಟ್ಟ ಸರ್ಕ್ಯೂಟನ್ನು ಪಾಲು ಮಾಡಿ, ಗಂಟು ಬಿಚ್ಚಿದಂತೆಲ್ಲ ಹಂತಹಂತಕ್ಕೂ ಗಡಿಯನ್ನು ತಿದ್ದುತ್ತದೆ. ತಿದ್ದುವ ಕೆಲಸಕ್ಕೆ ಬಳಕೆಯಾಗುವುದು ಫಿಡೂಚಿಯಾ-ಮ್ಯಾಥೈಸಸ್ ಮಾದರಿಯ ನಡೆಗಳೇ. ಆದರೂ ಉತ್ತರ ಆರಂಭದ ಹಂಚಿಕೆಯನ್ನು ಅವಲಂಬಿಸುವುದರಿಂದ, ಬೇರೆ ಬೇರೆ ಆರಂಭಗಳಿಂದ ಹಲವು ಸಲ ಓಡಿಸಿ ಚೆನ್ನಾಗಿ ಬಂದದ್ದನ್ನು ಆರಿಸಿಕೊಳ್ಳುವುದು ರೂಢಿ.