ಇಟಲಿಯ ಬೂದಿಬಟ್ಟಲುಗಳು: ಸಂಗ್ರಹ ಮತ್ತು ಕರ್ತೃನಿರ್ಣಯ

ವಸ್ತುಸಂಗ್ರಹವೆಂದೊಡನೆ ನಾಣ್ಯ, ವಿಗ್ರಹ, ಚಿತ್ರಪಟಗಳು ನಮ್ಮ ನೆನಪಿಗೆ ಬರುವುವು. ಸಿಗರೇಟಿನ ಬೂದಿ ಕೊಡಹುವ ಬಟ್ಟಲನ್ನು, ಎಂದರೆ ಜನರು ಆಷ್‌ಟ್ರೇ ಎಂದು ಕರೆಯುವ ವಸ್ತುವನ್ನು, ಅಧ್ಯಯನಯೋಗ್ಯವೆಂದು ಎಣಿಸುವವರು ವಿರಳ. ಆದರೂ ಎರಡನೆಯ ಮಹಾಯುದ್ಧದ ತರುವಾಯದ ಇಟಲಿಯ ಕುಶಲಕಲೆಯನ್ನು ಅರಿಯಬಯಸುವವರಿಗೆ ಇದರಷ್ಟು ಸುಲಭವಾಗಿ ಕೈಗೆಟುಕುವ ಸಾಕ್ಷ್ಯ ಹೆಚ್ಚಿಲ್ಲ. ದೊಡ್ಡ ಹೂದಾನಿಗಳನ್ನು ಉಳ್ಳವರು ಕೊಂಡರು. ಬೂದಿಬಟ್ಟಲನ್ನು ಸಾಮಾನ್ಯ ಪ್ರವಾಸಿಗರೂ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು. ಹಾಗೆ ಚದುರಿಹೋದ ವಸ್ತುವಿನ ಕರ್ತೃವನ್ನು ನಿರ್ಣಯಿಸುವ ಬಗೆ ಹೇಗೆಂಬುದನ್ನು ಇಲ್ಲಿ ವಿವೇಚಿಸುವೆವು.

ಮೊದಲು ವೆನಿಸ್ಸಿನ ಬಳಿಯ ಮುರಾನೊ ದ್ವೀಪದ ಗಾಜನ್ನು ತೆಗೆದುಕೊಳ್ಳೋಣ. ಅಲ್ಲಿಯ ಒಂದು ವಿಧಾನಕ್ಕೆ ‘ಸೊಮ್ಮೆರ್ಸೊ’, ಎಂದರೆ ‘ಮುಳುಗಿಸಿದ್ದು’, ಎಂದು ಹೆಸರು. ಬಣ್ಣದ ಗಾಜಿನ ಬಿಸಿ ಮುದ್ದೆಯನ್ನು ಬೇರೊಂದು ಬಣ್ಣದ ಕರಗಿದ ಗಾಜಿನಲ್ಲಿಯೂ, ಬಳಿಕ ಬಣ್ಣವಿಲ್ಲದ ಗಾಜಿನಲ್ಲಿಯೂ ಅದ್ದಿ ತೆಗೆಯುವರು. ಪದರಗಳು ಒಂದರೊಡನೊಂದು ಬೆರೆಯದೆ ನಿಲ್ಲುವುದರಿಂದ ಒಳಗಿನ ಕೆಂಪೋ ನೀಲಿಯೋ ನೀರಿನಲ್ಲಿ ತೇಲುವಂತೆ ತೋರುವುದು. ‘ಬುಲ್ಲಿಕಾಂತೆ’ ಎಂಬ ಇನ್ನೊಂದು ವಿಧಾನದಲ್ಲಿ ಮುದ್ದೆಯನ್ನು ಮೊಳೆಗಳುಳ್ಳ ಅಚ್ಚಿಗೆ ಒತ್ತಿ, ಅದರ ಮೇಲೆ ಮತ್ತೆ ಗಾಜು ಹೊದಿಸುವರು. ಕುಳಿಗಳಲ್ಲಿ ಸಿಕ್ಕಿಕೊಂಡ ಗಾಳಿಯು ಸಾಲುಸಾಲಾದ ಗುಳ್ಳೆಗಳಾಗುವುದು. ಸೊಮ್ಮೆರ್ಸೊವನ್ನು ಉನ್ನತಿಗೇರಿಸಿದವರಲ್ಲಿ ಫ್ಲಾವಿಯೊ ಪೊಲಿ ಪ್ರಮುಖನು. ಸೆಗೂಸೊ ವೇತ್ರಿ ದಾರ್ತೆ ಸಂಸ್ಥೆಗಾಗಿ ದುಡಿದ ಈತನಿಗೆ 1954ರಲ್ಲಿ ‘ಕೊಂಪಾಸ್ಸೊ ದೋರೊ’ ಪ್ರಶಸ್ತಿ ಸಂದಿತು.

ತೊಡಕು ಇಲ್ಲಿಯೇ ಆರಂಭವಾಗುವುದು. ಇದೇ ವಿಧಾನ ಹಲವು ಕುಲುಮೆಗಳಲ್ಲಿ ನಡೆಯುತ್ತಿತ್ತು. ಬಹುಪಾಲು ಬಟ್ಟಲುಗಳಿಗೆ ಸಹಿಯಿಲ್ಲ. ಅಂಟಿಸಿದ್ದ ಚೀಟಿ ತೊಳೆಯುವಾಗ ಕಳಚಿಹೋಗಿದೆ. ದಪ್ಪನೆಯ ಪದರ ಕಂಡೊಡನೆ ಪೊಲಿಯ ಹೆಸರು ಹೇಳುವ ವರ್ತಕರಿಗೆ ಕೊರತೆಯಿಲ್ಲ, ಏಕೆಂದರೆ ಬೆಲೆ ಏರುವುದು ಹೆಸರಿನಿಂದಲೇ ಹೊರತು ಗಾಜಿನಿಂದಲ್ಲ. ಹೋಲಿಕೆಯೊಂದನ್ನೇ ನಂಬಿ ಕರ್ತೃವನ್ನು ಹೇಳುವುದನ್ನು ನಾವು ಒಪ್ಪಲಾರೆವು. ‘ಮುರಾನೊ, ಕರ್ತೃ ಅಜ್ಞಾತ’ ಎಂದು ಪಟ್ಟಿಯಲ್ಲಿ ಬರೆದರೆ ಸಂಗ್ರಹದ ಗೌರವಕ್ಕೇನೂ ಕುಂದಿಲ್ಲ. ಚೀಟಿ ಉಳಿದಿದ್ದರೂ ಎಚ್ಚರ ಬೇಕು. ‘ವೇತ್ರೊ ಆರ್ತಿಸ್ತಿಕೊ ಮುರಾನೊ’ ಎಂಬ ಅಧಿಕೃತ ಗುರುತು ವೆನೆತೊ ಪ್ರಾಂತದ 1994ರ ಕಾನೂನಿನಿಂದ ಬಂದುದು. 1950ರ ದಶಕದ್ದೆಂದು ಹೇಳುವ ಬಟ್ಟಲಿನ ಮೇಲೆ ಅದು ಕಂಡರೆ, ಬಟ್ಟಲು ಹೊಸದು, ಇಲ್ಲವೆ ಚೀಟಿ ಆಮೇಲೆ ಅಂಟಿಸಿದ್ದು. ತಳದ ಗೀರುಗಳನ್ನೂ ನೋಡಬೇಕು: ಬಳಕೆಯಿಂದಾದ ಗೀರು ಎತ್ತೆತ್ತಲೋ ಹರಿಯುವುದು, ಮರಳುಕಾಗದದಿಂದ ಉಜ್ಜಿದ ಗೀರು ಒಂದೇ ದಿಕ್ಕಿಗೆ ಸಾಗುವುದು.

ಮೊಂತೆಲೂಪೊದ ಬಿತೊಸ್ಸಿ ಕಾರ್ಖಾನೆಯ ನೀಲಿ ಮಣ್ಣಿನ ಪಾತ್ರೆಗಳಲ್ಲಿ ಕಷ್ಟ ಕಡಿಮೆ. ಅವುಗಳ ತಳದಲ್ಲಿ ದೇಶದ ಹೆಸರೂ ಸಂಖ್ಯೆಯೂ ಕೈಬರಹದಲ್ಲಿರುವುದುಂಟು.

ಮಿಲಾನಿನ ದಾನೇಸೆ ಸಂಸ್ಥೆಗೆ ಬ್ರೂನೊ ಮುನಾರಿ 1957ರಲ್ಲಿ ರಚಿಸಿದ ‘ಕೂಬೊ’ ಬೇರೆಯೇ ಜಾತಿಯದು. ಮೆಲಮೈನಿನ ಘನಾಕಾರದ ಪೆಟ್ಟಿಗೆ. ಅದರೊಳಗೆ ಮಡಿಚಿದ ಅಲ್ಯೂಮಿನಿಯಂ ತಗಡು. ಸಿಗರೇಟಿನ ತುಂಡು ತಗಡಿನ ಸಂದಿನಿಂದ ಒಳಗೆ ಬಿದ್ದು ಕಣ್ಮರೆಯಾಗುವುದು. ತಗಡನ್ನು ಹೊರತೆಗೆದರೆ ಪೆಟ್ಟಿಗೆ ಬರಿದಾಗುವುದು. ಹೊಲಸನ್ನು ಅಲಂಕರಿಸದೆ ಮರೆಮಾಡುವ ಈ ಉಪಾಯ ನಮಗೆ ಗಾಜಿನ ವೈಭವಕ್ಕಿಂತ ಬುದ್ಧಿವಂತಿಕೆಯದೆಂದು ತೋರುತ್ತದೆ. ಇಲ್ಲಿ ಕರ್ತೃವಿನ ವಿಷಯದಲ್ಲಿ ಸಂದೇಹವಿಲ್ಲ, ಕಾಲದ ವಿಷಯದಲ್ಲಿ ಉಂಟು. ಏಕೆಂದರೆ ಇದೇ ವಿನ್ಯಾಸವನ್ನು ಮುಂದೆಯೂ ತಯಾರಿಸಿದರು. ಆಕಿಲ್ಲೆ ಕಾಸ್ತಿಲ್ಯೋನಿಯ 1971ರ ‘ಸ್ಪಿರಾಲೆ’ಯೂ ಹಾಗೆಯೇ: ಮೊದಲು ಬಾಚ್ಚಿ, ಅನಂತರ ಆಲೆಸ್ಸಿ ಸಂಸ್ಥೆ ಅದನ್ನು ಹೊರತಂದಿತು.

ಮುಚ್ಚಿದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ಇಟಲಿ 2005ರ ಜನವರಿಯಲ್ಲಿ ನಿಷೇಧಿಸಿದ ಮೇಲೆ ಈ ಪಾತ್ರೆಗಳು ಬಹುಮಟ್ಟಿಗೆ ಕಪಾಟು ಸೇರಿವೆ. ಸಂಗ್ರಾಹಕರು ಅವುಗಳ ಸುಟ್ಟ ಕಲೆಗಳನ್ನು ಉಜ್ಜಿ ತೆಗೆಯಲು ಆತುರಪಡುವರು. ಬಳಕೆಯ ಗುರುತೂ ದಾಖಲೆಯೇ ಆದುದರಿಂದ, ಶುಚಿಗೊಳಿಸುವ ಮುನ್ನ ತಳವನ್ನೂ ಒಳಮೈಯನ್ನೂ ಛಾಯಾಚಿತ್ರದಲ್ಲಿ ಹಿಡಿದಿಡುವುದು ಒಳ್ಳೆಯದು.